ಬಂದೆ, ಬಂದೆ

ಹಾರ್ಬರ್ ಲೈನಿನ ಲೋಕಲ್ ರೈಲು ನಿಂತುಬಿಡಬಹುದು. ಮಗಳ ಆಧಾರ್ ಕಾರ್ಡು ಮನೆಯಲ್ಲೇ ಉಳಿಯಬಹುದು. ಅಳಿಯನಾಗುವವನಿಗೆ ಜ್ವರ ಬರಬಹುದು, ರಿಜಿಸ್ಟ್ರಾರ್ ಸಾಹೇಬರು ರಜೆ ಹಾಕಬಹುದು, ಸರ್ವರ್ ಡೌನ್ ಆಗಬಹುದು. ಮಗಳ ರಿಜಿಸ್ಟರ್ ಮದುವೆಯ ಬೆಳಿಗ್ಗೆ ಟವೆಲು ಸುತ್ತಿಕೊಂಡು ಶರ್ಟಿಗೆ ಇಸ್ತ್ರಿ ಹಾಕುತ್ತಾ ಇಷ್ಟನ್ನೂ ಎಣಿಸಿದೆ. ಬಿಸಿ ಬಟ್ಟೆಯ ವಾಸನೆಗೆ ನನ್ನ ಮದುವೆ ನೆನಪಾಯಿತು. ಅದರ ಹಿಂದೆಯೇ ಸದಾಶಿವ.

ಆಂಟಾಪ್ ಹಿಲ್ಲಿನ ಒಂದೇ ಬಿಲ್ಡಿಂಗಿನಲ್ಲಿ ಬೆಳೆದವರು ನಾವು. ಅವನೀಗ ವಡಾಲದ ತನ್ನ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾನೆ. ನಾನು ಪಾರ್ಲೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಪಾಠ ಹೇಳುತ್ತೇನೆ. ನನ್ನ ಮದುವೆಗೆ ಹಾರ ತರಬೇಕಾದವನು ಅವನು. ಮುಹೂರ್ತದ ಹೊತ್ತಿಗೆ ಅವನ ಮನೆಗೇ ಫೋನ್ ಮಾಡಿದರೆ "ಬಂದೆ, ಬಂದೆ" ಅಂದ. ಬಂದದ್ದು ಪಾಯಸ ಬಡಿಸುವಾಗ. ಹಾರ ಮರೆತಿರಲಿಲ್ಲ, ಎಲೆಯ ಮುಂದೆ ಕೂತಿದ್ದ ನನ್ನ ಕೊರಳಿಗೇ ಹಾಕಿದ.

ಅಂದಿನಿಂದ ನನ್ನ ಶಾಸ್ತ್ರವನ್ನು ಅವನ ಮೇಲೆ ಪ್ರಯೋಗಿಸುತ್ತಾ ಬಂದಿದ್ದೇನೆ. ಇನ್ನೂ ಹೊರಡದವನೂ 'ಬಂದೆ' ಅನ್ನಬಹುದಾದ ಭಾಷೆ ನಮ್ಮದು, ನಿಮಗೂ ಗೊತ್ತು. ಸದಾಶಿವ ಒಂದು ಸಲ 'ಬಂದೆ' ಅಂದರೆ ಹೊತ್ತಿಗೆ ಬರುವ ಸಂಭವ ಅರ್ಧಕ್ಕರ್ಧ. ಎರಡು ಸಲ ಅಂದರೆ ಕಾಲು ಭಾಗ, ಚಪ್ಪಲಿ ಹುಡುಕುತ್ತಿದ್ದಾನೆ. 'ಬಂದೇಬಿಟ್ಟೆ' ಅಂದರೆ ಸೊನ್ನೆ, ಬಚ್ಚಲಲ್ಲಿದ್ದಾನೆ. ಇದನ್ನು ಅವನ ಗಲ್ಲಾದ ಮುಂದೆ ನಿಂತೇ ಎಷ್ಟೋ ಸಲ ವಿವರಿಸಿದ್ದೇನೆ. ಚಹಾ ತರಿಸಿ, ಪೂರ್ತಿ ಕೇಳಿ, "ಇದಕ್ಕೆ ನಿಂಗೆ ಸಂಬಳ ಬೇರೆ ಕೊಡ್ತಾರಾ ಮಾರಾಯ?" ಅನ್ನುತ್ತಾನೆ.

ಸಾಕ್ಷಿಯಾಗಿ ಇವನೇ ಸಹಿ ಹಾಕಬೇಕೆಂದು ಮಗಳ ಹಠ. ಸಾಕ್ಷಿ ಬಾರದಿದ್ದರೆ ಇವತ್ತು ಮದುವೆಯಿಲ್ಲ, ಯಾವುದಕ್ಕೂ ಇನ್ನೊಬ್ಬರನ್ನು ಗೊತ್ತುಮಾಡಿರುತ್ತೇನೆ ಅಂದೆ. "ಸದಾ ಮಾಮಾನೇ ಬೇಕು, ಬಸ್" ಅಂದಳು. ಅವಳ ಪರೀಕ್ಷೆಯ ದಿನಗಳಲ್ಲಿ ಶಾಲೆಯ ಗೇಟಿಗೆ ಇಡ್ಲಿ ತರುವುದನ್ನು ಅವನು ಒಮ್ಮೆಯೂ ತಪ್ಪಿಸಿರಲಿಲ್ಲವಂತೆ. ನನ್ನ ಲೆಕ್ಕದಲ್ಲಿ ಆ ಇಡ್ಲಿಗಳು ಸೇರಿರಲಿಲ್ಲ.

ನಿನ್ನೆ ಫೋನಿನಲ್ಲಿ ಅವನು "ನಾಳೆ ಬಂದೇಬಿಟ್ಟೆ ಅಂತ ತಿಳ್ಕೋ" ಅಂದ. ಹನ್ನೊಂದರ ಕೆಲಸಕ್ಕೆ ಒಂಬತ್ತು ಅಂತ ಸುಳ್ಳು ಹೇಳಿದೆ.

ಇವತ್ತು ಒಂಬತ್ತಕ್ಕೆ ಸರಿಯಾಗಿ ಅವನ ಫೋನು. ಬೆಳಗಿನ ಗಿರಾಕಿಗಳನ್ನು ತಮ್ಮನಿಗೆ ಒಪ್ಪಿಸಿ, ಹೊಸ ಪಂಚೆ ಉಟ್ಟು, ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದಾನಂತೆ. ಬಾಗಿಲೇ ತೆರೆದಿಲ್ಲ, ನೀವೆಲ್ಲ ಎಲ್ಲಿದ್ದೀರಿ ಅಂತ ಕೇಳಿದ.

"ಬಂದೆ, ಬಂದೆ" ಅಂದೆ.



"ಎರಡು ಸಲ ಹೇಳಿದೆ ನೀನು. ಹುಡುಗಿಯ ಅಪ್ಪ ಬರುವ ಚಾನ್ಸ್ ಕಾಲು ಭಾಗ ಅಲ್ವಾ ಮಾರಾಯ?"

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಇಸ್ತ್ರಿ ಪೆಟ್ಟಿಗೆ ಶರ್ಟಿನ ಮೇಲೆಯೇ ಇತ್ತು.