ಸೂರ್ಯನ ಬೆನ್ನು ಹತ್ತಿದ ಡಾಕ್ಟರಬಾಯಿ

ಅವರ ಕೈಗಳು ದೊಡ್ಡವು. ಉಗುರನ್ನು ಬುಡದ ತನಕ ಕತ್ತರಿಸಿಕೊಂಡ, ಮೇಲಿಂದ ಮೇಲೆ ತೊಳೆದು ತುದಿ ಸುಕ್ಕುಗಟ್ಟಿದ, ಸಾವಿರಾರು ಕೂಸುಗಳನ್ನು ಮೊದಲು ಮುಟ್ಟಿದ ಕೈಗಳು. ಗಂಡಸರು ಕಟ್ಟುವಂಥ ಅಗಲ ಮುಖದ ಗಡಿಯಾರವನ್ನು ಮುಂಗೈಯ ಒಳಮಗ್ಗುಲಿಗೆ ಕಟ್ಟುತ್ತಿದ್ದರು, ನಾಡಿ ಹಿಡಿದಾಗ ಮುಳ್ಳು ಕಾಣಲೆಂದು. ಆ ಕೈಗಳು ಕಂಪ್ಯೂಟರಿನ ಮುಂದೆ ಬಂದಾಗ ಮಾತ್ರ ಎಂಟು ಬೆರಳುಗಳು ರಜೆ ಹಾಕುತ್ತಿದ್ದವು. ಉಳಿದೆರಡು ತೋರುಬೆರಳುಗಳಿಂದ, ಒಳಕಲ್ಲಿನಲ್ಲಿ ಖಾರ ಕುಟ್ಟಿದ ಹಾಗೆ, ಅವರು ಟೈಪು ಮಾಡುತ್ತಿದ್ದರು. ಹುಕ್ಕೇರಿಯ ಅವರ ದವಾಖಾನೆಯ ಹಿಂದಿನ ಕೋಣೆಯಿಂದ ಆ ಸದ್ದು ಕೇಳಿದರೆ ಹೊರಗೆ ಬಾಕಿನ ಮೇಲೆ ಕುಳಿತ ಬಸುರಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು.

"ಬಾಯಾರು ಮತ್ತ ಯಾರ ಜೋಡಿನೋ ಜಗಳಕ್ಕ ನಿಂತಾರ."

ಹೌದು, ಜಗಳವೇ. ಊರವರ ಜೊತೆಗಲ್ಲ. ಇಂಟರ್ನೆಟ್ಟಿನ ಒಂದು ಚರ್ಚೆಯ ತಾಣದಲ್ಲಿ, ಮುಖವೇ ನೋಡಿರದ ಜನರ ಜೊತೆ, ಮಂಗಳ ಗ್ರಹದ ಮೇಲೆ ಮನುಷ್ಯ ಬದುಕಬಹುದೇ ಎಂಬಂಥ ವಿಷಯಕ್ಕೆ. ಆ ಮುಖ ಕಾಣದವರಲ್ಲಿ ನಾನೂ ಒಬ್ಬ.

ಗೋಕಾಕದಲ್ಲಿ ನಮ್ಮ ಅಬ್ಬಾನದು ಒಂದು ಫೋಟೊ ಸ್ಟುಡಿಯೊ. ಅದು ನನ್ನ ಕೈಗೆ ಬಂದ ಮೇಲೆ ಅರ್ಧ ಭಾಗಕ್ಕೆ ಹಲಗೆ ಬಡಿದು ಸೈಬರ್ ಕೆಫೆ ಮಾಡಿದೆ. ಪರೀಕ್ಷೆಯ ಫಲಿತಾಂಶ ನೋಡುವವರು, ನೌಕರಿಗೆ ಅರ್ಜಿ ಹಾಕುವವರು ಬರುತ್ತಿದ್ದರು. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ನಾನು ಆ ತಾಣಕ್ಕೆ ಹೋಗಿ ಕೂರುತ್ತಿದ್ದೆ. ಅಲ್ಲಿ ದೇಶದೇಶದವರು ಇಂಗ್ಲಿಷಿನಲ್ಲಿ ಕಾದಾಡುತ್ತಿದ್ದರು. ಕಂಪ್ಯೂಟರಿಗೆ ಬುದ್ಧಿ ಬರುತ್ತದೆಯೇ? ಕತೆಗಳಲ್ಲಿ ಬರುವ ನೌಕೆಗಳು ಬೆಳಕನ್ನು ಹಿಂದೆ ಹಾಕಬಲ್ಲವೇ? ಮನುಷ್ಯ ಚಂದ್ರನ ಮೇಲೆ ಹೋದದ್ದು ನಿಜವೇ? ಅಲ್ಲಿ ಎಲ್ಲರಿಗೂ ಒಂದೊಂದು ಮುಸುಕಿನ ಹೆಸರು. ನನ್ನದು 'ಗಗನವಾಸಿ'. ಅಬ್ಬಾ ಹಿಂದೆ ಬಂದು ನಿಂತು, "ನೆಲದ ಮ್ಯಾಲಿನ ಗಿರಾಕಿ ನೋಡಪಾ ಮೊದ್ಲ" ಎನ್ನುತ್ತಿದ್ದರು.

ಆ ತಾಣದಲ್ಲಿ ಎಲ್ಲರಿಗಿಂತ ದೊಡ್ಡ ದನಿಯದು 'ಏಳನೇ ಚಂದ್ರ' ಎಂಬ ಹೆಸರು. ಯಾವುದೋ ದೂರದೇಶದ ನಿವೃತ್ತ ಇಂಜಿನಿಯರ್ ಇರಬೇಕು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಒಮ್ಮೆ ನಾನು ನೂರಾರು ವರ್ಷ ಸಾಗುವ ಆಕಾಶನೌಕೆಯ ಬಗ್ಗೆ ಬರೆದೆ. ಅಂಥ ನೌಕೆಯಲ್ಲಿ ಹೆರಿಗೆ ಮಾಡಿಸಲು ಮನುಷ್ಯರೇ ಬೇಕಿಲ್ಲ, ಯಂತ್ರ ಸಾಕು ಎಂದೆ. ಉತ್ತರ ಸಿಡಿಗುಂಡಿನಂತೆ ಬಂತು.

"ಯಂತ್ರಕ್ಕೆ ಹೆರಿಗೆ ಮಾಡಿಸಲು ಬರಬಹುದು. ಹೆರುವವಳು ನೋವಿನಲ್ಲಿ ಬೈದರೆ ಬೈಸಿಕೊಳ್ಳಲು ಬರುತ್ತದೆಯೇ?"

ನಾನು ಬಿಡಲಿಲ್ಲ. ಅವರೂ ಬಿಡಲಿಲ್ಲ. ವಾದ ದಿನದಿನಕ್ಕೆ ಏರಿತು. ಯಾವುದೋ ಒಂದು ಮಾತಿಗೆ ಅವರಿಗೆ ಸಿಟ್ಟು ನೆತ್ತಿಗೇರಿರಬೇಕು, ಉದ್ದನೆಯ ಇಂಗ್ಲಿಷ್ ಬರಹದ ನಡುವೆ ಇಂಗ್ಲಿಷ್ ಅಕ್ಷರದಲ್ಲೇ ಒಂದು ಸಾಲು ಹಾರಿ ಬಂತು: "ಖರೇನ ಹೇಳತೀರೇನ್ರಿ?"

ನನ್ನ ಕೈ ನಿಂತಿತು. ಆ 'ಖರೆ'ಗೆ ಆ 'ರಿ' ಕೂಡುವುದು ನಮ್ಮ ಸೀಮೆಯಲ್ಲಿ ಮಾತ್ರ. ನಾನೂ ಹಾಗೆಯೇ ಬರೆದೆ: "ನೀವು ಯಾವ ಊರವರ್ರಿ?"

"ಹುಕ್ಕೇರಿ. ನೀವ?"

"ಗೋಕಾಕ್ರಿ."

ಆಮೇಲೆ ಬಂತು: "ಅಯ್ಯ, ಇಲ್ಲೇ ಬಾಜೂಕ ಕುಂತು ಅಮೇರಿಕಾದ ಮ್ಯಾಲೆ ಹಾಯ್ದು ಜಗಳಾಡಾಕತ್ತೇವಲ್ರಿ! ಬಸ್ ಹತ್ತಿ ಬರ್ರಿ. ಎದುರಾಎದುರ ಆಡೂಣು."

ಮುಂದಿನ ರವಿವಾರವೇ ಹೋದೆ. ಹೇಳಿದ ಗುರುತಿನ ಪ್ರಕಾರ ಹೋದರೆ ಅದು ಹೆರಿಗೆ ದವಾಖಾನೆ. ದಾರಿ ತಪ್ಪಿತೇನೋ ಎಂದು ಬಾಗಿಲಲ್ಲಿ ನಿಂತಿದ್ದಾಗ ಒಳಗಿನಿಂದ ಎತ್ತರದ, ನರೆಗೂದಲಿನ, ನೂಲಿನ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಹೆಂಗಸು ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಗಗನವಾಸಿ ನೀನ ಏನು? ಇಷ್ಟ ಸಣ್ಣಾಂವ?"

"ಏಳನೇ ಚಂದ್ರ ನೀವ ಏನ್ರಿ?"

ಇಬ್ಬರೂ ನಕ್ಕೆವು. ಆವತ್ತಿನಿಂದ ನಾನು ಅವರಿಗೆ ತಮ್ಮ, ಅವರು ಊರಿಗೆ ಇದ್ದ ಹಾಗೆ ನನಗೂ ಡಾಕ್ಟರಬಾಯಿ.

ಅವರು ಸಮೀಪದ ಹಳ್ಳಿಯ ಜೈನ ಒಕ್ಕಲು ಮನೆತನದವರು. ಮನೆಗೆ ಬರುತ್ತಿದ್ದ ಮರಾಠಿ ಮಾಸಿಕಗಳಲ್ಲಿ ವಿಜ್ಞಾನದ ಕತೆಗಳನ್ನು ಓದಿ ಹುಚ್ಚು ಹಿಡಿಸಿಕೊಂಡವರು. ನಕ್ಷತ್ರಗಳ ಬಗ್ಗೆ ಓದುವ ಆಸೆಯಿತ್ತು, ಮನೆಯವರು ಡಾಕ್ಟರಿಕೆಗೆ ಹಾಕಿದರು. ಬೇಸರವಿಲ್ಲವೇ ಎಂದು ಕೇಳಿದ್ದೆ. "ಆಕಾಶ ಎಲ್ಲಿ ಓಡಿ ಹೊಂಟೈತಿ? ಅದು ಕಾಯತೈತಿ. ಕೂಸು ಕಾಯೂದಿಲ್ಲ" ಎಂದರು. ಮದುವೆಯಾಗಿರಲಿಲ್ಲ. ಹಳೆಯ ಜೀಪೊಂದನ್ನು ಸ್ವತಃ ಓಡಿಸಿಕೊಂಡು ಹಳ್ಳಿಹಳ್ಳಿಗೆ ಹೆರಿಗೆಗೆ ಹೋಗುತ್ತಿದ್ದರು.

ನಮ್ಮಿಬ್ಬರ ವಾದಕ್ಕೆ ಅವರು ಒಂದು ಕಾಯಿದೆ ಮಾಡಿದ್ದರು. ಸೋತವರು ಗೋಕಾಕದ ಹೆಸರಾದ ಮಿಠಾಯಿ ಕರದಂಟು ತರಬೇಕು. ಗೋಕಾಕದವನು ನಾನಾದ್ದರಿಂದ ಸೋಲು ನನಗೇ ಅನುಕೂಲ ಎಂದು ನಗುತ್ತಿದ್ದರು. ಆದರೆ ತಾವು ಸೋತಾಗ ಅವರ ಮುಖ ನೋಡಬೇಕಿತ್ತು. ತಾಣದಲ್ಲಿ ಎಲ್ಲರೆದುರು "ನನ್ನದು ತಪ್ಪಾಗಿತ್ತು" ಎಂದು ಬರೆದು, ಇಡೀ ದಿನ ಉಲ್ಲಾಸದಿಂದ ಓಡಾಡುತ್ತಿದ್ದರು. "ಗೆದ್ರ ಏನ್ ಸಿಗತೈತಿ ತಮ್ಮಾ? ಮೊದ್ಲ ಗೊತ್ತಿದ್ದದ್ದ. ಸೋತ್ರ ಹೊಸಾದೊಂದು ಸಿಗತೈತಿ."

ಎರಡು ಸಾವಿರದ ನಾಲ್ಕನೆಯ ಇಸವಿಯ ಜೂನ್ ತಿಂಗಳಲ್ಲಿ ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವುದಿತ್ತು. ಆಗ ಬದುಕಿದ್ದ ಯಾರೂ ಅದನ್ನು ಕಂಡಿರಲಿಲ್ಲ. ತಾಣದಲ್ಲಿ ತಿಂಗಳುಗಟ್ಟಲೆ ಅದೇ ಮಾತು. ದೊಡ್ಡ ನಗರದ ಒಬ್ಬ ಸದಸ್ಯರ ಬಳಿ ದುಬಾರಿ ದೂರದರ್ಶಕವಿತ್ತು. ಡಾಕ್ಟರಬಾಯಿ ಅವರಿಗೆ 'ದುರ್ಬೀನ ಸಾಹೇಬ' ಎಂದು ಹೆಸರಿಟ್ಟಿದ್ದರು. ಆ ಸಾಹೇಬರು ಬರೆದರು: "ಸಣ್ಣ ಊರುಗಳವರು ವೃಥಾ ಒದ್ದಾಡಬೇಡಿ. ನಿಮ್ಮಲ್ಲಿ ಮಳೆಗಾಲ, ಉಪಕರಣವೂ ಇಲ್ಲ. ನಾನು ಚಿತ್ರ ಹಾಕುತ್ತೇನೆ, ನೋಡಿಕೊಳ್ಳಿ."

ಡಾಕ್ಟರಬಾಯಿ ಉತ್ತರಿಸಿದರು: "ಶುಕ್ರ ಯಾವ ಊರಿನ ಸ್ವಂತ ಆಸ್ತಿಯೂ ಅಲ್ಲ. ನಾವು ನಮ್ಮ ಕಣ್ಣಿನಿಂದಲೇ ನೋಡುತ್ತೇವೆ. ನಮ್ಮ ಚಿತ್ರ ನಿಮ್ಮದಕ್ಕಿಂತ ಮೊದಲು ಬರುತ್ತದೆ."

ತಾಣವೆಲ್ಲ ಎರಡು ಪಕ್ಷವಾಯಿತು. ಡಾಕ್ಟರಬಾಯಿಯ ಉಪಾಯ ಸರಳವಾಗಿತ್ತು. ಕನ್ನಡಿಗೆ ಕಪ್ಪು ಕಾಗದ ಅಂಟಿಸಿ, ನಡುವೆ ಒಂದು ಸಣ್ಣ ತೂತು ಬಿಡುವುದು. ಬಿಸಿಲಿನಲ್ಲಿಟ್ಟು ಆ ಬೆಳಕನ್ನು ಕತ್ತಲ ಕೋಣೆಯ ಗೋಡೆಗೆ ಹಾಯಿಸುವುದು. ಗೋಡೆಯ ಮೇಲೆ ಸೂರ್ಯ ಮೂಡುತ್ತಾನೆ. ಸೂರ್ಯ ಮೂಡುತ್ತಾನೆ ಖರೆ, ಶುಕ್ರ ಕಾಣುವುದಿಲ್ಲ ಎಂದು ನಾನೂ ವಾದಿಸಿದೆ. ಫೋಟೊ ಸ್ಟುಡಿಯೊದವನಿಗೆ ಅಷ್ಟು ಗೊತ್ತಿತ್ತು. ತೂತು ದೊಡ್ಡದಾದರೆ ಚಿತ್ರ ಮಸುಕು, ಸಣ್ಣದಾದರೆ ಬೆಳಕು ಸಾಲದು.

"ಹಂಗಾದ್ರ ದೂರ ಹೆಚ್ಚ ಮಾಡೂಣು. ಉದ್ದನ ಕೋಣಿ ಹುಡುಕೂಣು" ಎಂದರು. "ಬಾಯಿಲೆ ಎಷ್ಟ ದಿನ ಬಡದಾಡೂದು? ಮಾಡಿ ನೋಡಿದ್ರ ತಿಳೀತೈತಿ."

ಜಂಬಕ್ಕೆ ಇಷ್ಟು ಸಾಕಿತ್ತು. ಆದರೆ ಅವರು ಇನ್ನೊಂದು ಮಾತು ಕೊಟ್ಟುಬಿಟ್ಟಿದ್ದರು, ದವಾಖಾನೆಯ ಬಾಕಿನ ಮೇಲಿನ ಬಸುರಿಯರಿಗೆ. ಗ್ರಹಣವಿರಲಿ ಮತ್ತೊಂದಿರಲಿ, ಸೂರ್ಯನಿಗೆ ಏನು ಅಡ್ಡ ಬಂದರೂ ಆ ಹೆಂಗಸರನ್ನು ಒಳಕೋಣೆಯಲ್ಲಿ ಕೂಡಿಹಾಕುವ ರೂಢಿ. ನೀರು ಕುಡಿಯಬಾರದು, ಕಾಯಿಪಲ್ಲೆ ಹೆಚ್ಚಬಾರದು, ಮಗುವಿಗೆ ಊನವಾಗುತ್ತದೆ. ಅದಕ್ಕೇ ಅವರು ಹೇಳಿದ್ದರು: "ಈ ಸಲ ನೀವ ಮೊದ್ಲ ನೋಡಬೇಕು."

ಯಮಕನಮರಡಿಯಿಂದ ಸೊಸೆಯನ್ನು ಕರೆತಂದಿದ್ದ ಒಬ್ಬ ಅತ್ತೆ ಅಲ್ಲೇ ಎದ್ದು ನಿಂತಳು. "ಬ್ಯಾಡ್ರಿ ಬಾಯಾರ. ಬಸುರಿ ಹೆಂಗಸು ಅದನ್ನೆಲ್ಲಾ ನೋಡಬಾರ್ದು. ನಾಳೆ ಕೂಸಿಗೆ ಏನರ ಆದ್ರ?"

"ಗ್ವಾಡಿ ಮ್ಯಾಲೆ ನೋಡೂದು ಯವ್ವಾ. ಕಣ್ಣಿಗೂ ಏನಾಗೂದಿಲ್ಲ, ಹೊಟ್ಟೀಗೂ ಏನಾಗೂದಿಲ್ಲ. ಆಕಿ ಬಾಜೂಕ ನಾನ ನಿಂತಿರತೇನಿ."

"ಹಂಗಾರ ನಾನೂ ನಿಂದರತೇನಿ" ಎಂದಳು ಅತ್ತೆ, ಕಾವಲು ಕಾಯುವವಳ ಹಾಗೆ.

ಆ ದಿನ ಬೆಳಿಗ್ಗೆ ನಾನು ಹುಕ್ಕೇರಿಯಲ್ಲಿ ಬಸ್ಸಿಳಿದಾಗ ಆಕಾಶ ಬೂದಿ ಬಳಿದಂತಿತ್ತು. ದವಾಖಾನೆಯ ಅಂಗಳದಲ್ಲಿ ಹೆಂಗಸರು, ಹೈಸ್ಕೂಲಿನ ಹುಡುಗಿಯರು ಸೇರಿದ್ದರು. ಶುಕ್ರ ಸೂರ್ಯನೊಳಗೆ ಕಾಲಿಡುವ ಹೊತ್ತಿಗೆ ಜಿನುಗುಮಳೆ ಸುರುವಾಯಿತು. ಮಧ್ಯಾಹ್ನವಾದರೂ ಮೋಡ ಕದಲಲಿಲ್ಲ, ಸಂಜೆ ಐದರೊಳಗೆ ಶುಕ್ರ ಸೂರ್ಯನನ್ನು ದಾಟಿ ಹೋಗುವುದಿತ್ತು. ರಸ್ತೆಯಲ್ಲಿ ಹೋಗುವವನೊಬ್ಬ, "ಬಾಯಾರ, ಶುಕ್ರ ಇವತ್ತ ರಜಾ ಹಾಕ್ಯಾನೇನ್ರಿ?" ಎಂದು ಕೂಗಿ ನಕ್ಕ. ಕೆಲವರು ಮನೆಯ ದಾರಿ ಹಿಡಿದರು.

ಡಾಕ್ಟರಬಾಯಿ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಮೂಡಲ ದಿಕ್ಕನ್ನೇ ನೋಡುತ್ತಿದ್ದರು. ಆಮೇಲೆ ಒಳಗೆ ಹೋಗಿ, ಆ ದಿಕ್ಕಿನಲ್ಲಿ ಮಳೆ ಕಡಿಮೆ ಬೀಳುವ ಮೂಡಲಗಿ ಊರಿಗೆ ಫೋನು ಹಚ್ಚಿದರು. ಅಲ್ಲಿಯ ಒಬ್ಬ ಜೈನ ವ್ಯಾಪಾರಿಯ ಹೆಂಡತಿಗೆ ಇವರೇ ಹೆರಿಗೆ ಮಾಡಿಸಿದ್ದರು, ಅತ್ತಿಗೆಯನ್ನು ಕರೆದಂತೆ 'ವೈನಿ' ಎಂದೇ ಕರೆಯುತ್ತಿದ್ದರು.

"ವೈನಿ, ನಿಮ್ಮಲ್ಲಿ ಬಿಸಲ ಐತೇನು?"

ಆ ಕಡೆಯ ದನಿ ನನಗೂ ಕೇಳಿಸಿತು. "ಸುಡಾಕತ್ತೈತ್ರಿ ಬಾಯಾರ. ಮಾಳಗಿ ಮ್ಯಾಲೆ ಸಂಡಗಿ ಒಣ ಹಾಕೇನಿ."

"ಸಂಡಗಿ ಇರಲಿ. ನಿಮ್ಮ ಗೋದಾಮು ಖಾಲಿ ಮಾಡಸ್ರಿ. ಬಂದ್ವಿ!"

ಊರಿನ ಇನ್ನೊಬ್ಬ ಡಾಕ್ಟರಿಗೆ ದವಾಖಾನೆ ಒಪ್ಪಿಸಿ ಜೀಪು ಹತ್ತಿದರು. ಕಂಬಳಿಯಲ್ಲಿ ಸುತ್ತಿದ ಕನ್ನಡಿ ನನ್ನ ತೊಡೆಯ ಮೇಲೆ. ಹಿಂದಿನ ಸೀಟಿನಲ್ಲಿ ಅತ್ತೆ, ಸೊಸೆ, ನರ್ಸಮ್ಮ. ಜೀಪಿನ ಹಿಂದೆ ಟೆಂಪೊ ತುಂಬ ಹುಡುಗಿಯರು, ಹೆಂಗಸರು. ಹಿಡಕಲ್ ಹತ್ತಿರ ಮೋಡ ಹರಿದು ಜಲಾಶಯದ ನೀರು ಒಮ್ಮೆ ಬೆಳ್ಳಗೆ ಹೊಳೆಯಿತು. "ಇಲ್ಲೇ ನಿಂದರಸ್ರಿ ಬಾಯಾರ" ಎಂದು ಕೂಗಿದೆ.

"ನಿಂತು? ಗ್ವಾಡಿ ಎಲ್ಲೈತಿ? ನೀರಿನ ಮ್ಯಾಲೆ ತೋರಸ್ತೀ ಏನು?" ಎಂದು ಗೇರು ಬದಲಿಸಿದರು. ಅಷ್ಟರಲ್ಲಿ ಹೊಳಪು ಆರಿತು.

ಬಸುರಿಯೊಬ್ಬಳು ಇದ್ದಾಳೆಂದು ತಗ್ಗುದಿಣ್ಣೆಗಳಲ್ಲಿ ಜೀಪನ್ನು ತೊಟ್ಟಿಲಿನಂತೆ ಇಳಿಸುತ್ತಿದ್ದರು. ಒಳ್ಳೆಯ ರಸ್ತೆ ಸಿಕ್ಕರೆ ಬಿಟ್ಟ ಬಾಣ. ನಾನು ಗಡಿಯಾರ ನೋಡುವುದನ್ನೇ ಬಿಟ್ಟೆ. ಘಟಪ್ರಭಾ ದಾಟಿದ ಮೇಲೆ ರಸ್ತೆ ಒಣಗಿತ್ತು. ಇನ್ನೊಂದಿಷ್ಟು ಹೋಗುವುದರಲ್ಲಿ ಡಾಕ್ಟರಬಾಯಿ ಸ್ಟೇರಿಂಗ್ ಮೇಲೆ ಕೈ ಬಡಿದು ಕಿರುಚಿದರು.

"ನೆಳ್ಳ ನೋಡೋ ತಮ್ಮಾ! ನೆಳ್ಳ!"

ರಸ್ತೆಯ ಮೇಲೆ ಬೇವಿನ ಮರಗಳ ನೆರಳು ಬಿದ್ದಿತ್ತು. ಟೆಂಪೊದಿಂದ ಹುಡುಗಿಯರು ಹೋ ಎಂದರು.

ಮೂಡಲಗಿಯಲ್ಲಿ ವೈನಿ ಚೀಲಗಳನ್ನೆಲ್ಲ ಒಂದು ಮಗ್ಗುಲಿಗೆ ಒಟ್ಟಿಸಿ, ಕಿಟಕಿಗಳಿಗೆ ಗೋಣಿತಟ್ಟು ಬಡಿಸಿ ಕಾಯುತ್ತಿದ್ದರು. ಉದ್ದನೆಯ ಗೋದಾಮು, ಕೊನೆಯಲ್ಲಿ ಸುಣ್ಣದ ಗೋಡೆ. ನಾನು ಹೊರಗೆ ಸ್ಟೂಲಿನ ಮೇಲೆ ಕನ್ನಡಿ ಇಟ್ಟು ತಿರುಗಿಸಿದೆ. ಗೋಡೆಯ ಮೇಲೆ ನಡುಗುವ ಒಂದು ಬೆಳಕಿನ ತಟ್ಟೆ ಬಂದು ನಿಂತಿತು. ಎಲ್ಲರೂ ಹತ್ತಿರ ಸರಿದು ನೋಡಿದರು. ಬರಿಯ ಬೆಳಕು. ಅಂಚು ಕಲಸಿದಂತಿತ್ತು. ಶುಕ್ರ ಇರಲಿಲ್ಲ.

ವಾದ ನಾನು ಗೆದ್ದಿದ್ದೆ. ಅಂಥ ಸಂಕಟದ ಗೆಲುವು ನನಗೆ ಇನ್ನೊಂದಿಲ್ಲ.

"ತೂತ ಸಣ್ಣ ಮಾಡು" ಎಂದರು ಡಾಕ್ಟರಬಾಯಿ ಕತ್ತಲೊಳಗಿನಿಂದ. "ಕನ್ನಡಿ ಇನ್ನೂ ಹಿಂದಕ ಒಯ್ಯಿ. ರಸ್ತೇದ ಆಚಿಗಿ ಒಯ್ಯಿ."

ಬೇರೆ ಕಾಗದ ಹಚ್ಚಿದೆ. ನಾಲ್ಕು ಜನ ರಸ್ತೆಯ ಎತ್ತಿನ ಗಾಡಿ, ಸೈಕಲ್ಲುಗಳನ್ನು ತಡೆದರು. ಆಚೆ ಬದಿಯಿಂದ ಬೆಳಕನ್ನು ಮತ್ತೆ ಬಾಗಿಲೊಳಗೆ ತೂರಿಸಿದೆ. ಒಳಗೆ ಸದ್ದಿಲ್ಲ. ಆಮೇಲೆ ಮೊದಲು ಕೇಳಿಸಿದ್ದು ಯಮಕನಮರಡಿಯ ಆ ಅತ್ತೆಯ ದನಿ.

"ಅಯ್ಯ ನಮ್ಮವ್ವ! ಸೂರಪ್ಪಗ ಯಾರೋ ದೃಷ್ಟಿ ಬೊಟ್ಟ ಇಟ್ಟಾರಲ್ಲ!"

ಕನ್ನಡಿಯನ್ನು ಒಬ್ಬರ ಕೈಗೆ ಕೊಟ್ಟು ಒಳಗೆ ಓಡಿದೆ. ಗೋಡೆಯ ಮೇಲೆ ದುಂಡನೆಯ ಸೂರ್ಯ, ಅವನ ಅಂಚಿನ ಸಮೀಪ ಸ್ಪಷ್ಟವಾದ ಒಂದು ಕರಿಯ ಚುಕ್ಕೆ. ಅತ್ತೆ ಸೊಸೆಯ ಕೈ ಹಿಡಿದು ಎಲ್ಲರನ್ನೂ ಸರಿಸುತ್ತಿದ್ದಳು. "ಸರೀರಿ, ಬಸುರಿ ಹೆಂಗಸು ಬಂದಾಳ, ದಾರಿ ಬಿಡ್ರಿ. ಬಾರವ್ವಾ, ಮುಂದ ಬಾ, ಛಲೋತ್ನಂಗ ನೋಡು."

ಡಾಕ್ಟರಬಾಯಿ ಗೋಡೆಯ ಹತ್ತಿರ ಹೋಗಿ, ಬೆಳಕಿಗೆ ತಮ್ಮ ದೊಡ್ಡ ಅಂಗೈಯನ್ನು ಒಡ್ಡಿದರು. ಶುಕ್ರ ಗ್ರಹ ಅವರ ಅಂಗೈಯಲ್ಲಿ ಕುಳಿತಿತು. ಅವರು ಅದನ್ನು ಆಗತಾನೆ ಹುಟ್ಟಿದ ಕೂಸನ್ನು ನೋಡುವಂತೆ ನೋಡುತ್ತಿದ್ದರು. ನಾನು ಫೋಟೊ ತೆಗೆದೆ. ಆಮೇಲೆ ಸೊಸೆಯ ಅಂಗೈ, ಅತ್ತೆಯ ಅಂಗೈ, ಹುಡುಗಿಯರ, ಹಮಾಲರ ಅಂಗೈ. ಸುದ್ದಿ ಹಬ್ಬಿ ಮೂಡಲಗಿಯ ಪೇಟೆ ಗೋದಾಮಿನ ಮುಂದೆ ಸಾಲುಗಟ್ಟಿ ಪಾಳಿ ಹಚ್ಚಿತು. ಶುಕ್ರ ಸೂರ್ಯನ ಅಂಚು ದಾಟುವವರೆಗೂ ಜನ ಅದನ್ನು ಕೈಗೆ ತೆಗೆದುಕೊಳ್ಳುತ್ತಲೇ ಇದ್ದರು.

ಟೆಂಪೊದವರು ಹಾಡುತ್ತ ಹುಕ್ಕೇರಿಗೆ ಮರಳಿದರು. ಅತ್ತೆ ಸೊಸೆ ನರ್ಸಮ್ಮನ ಜೊತೆ ಅದರಲ್ಲೇ ಹೋದರು. ನಾವಿಬ್ಬರು ಗೋಕಾಕದ ನನ್ನ ಅಂಗಡಿಗೆ ಬಂದು ಸಂಜೆಯೇ ಚಿತ್ರವನ್ನು ತಾಣಕ್ಕೇರಿಸಿದೆವು. ಅಲ್ಲಿ ದುರ್ಬೀನ ಸಾಹೇಬರ ಒಂದೇ ಸಾಲು ಕಾದಿತ್ತು: "ನಮ್ಮಲ್ಲಿ ಬೆಳಗಿನಿಂದ ಮೋಡ. ಏನೂ ಕಾಣಲಿಲ್ಲ." ನಮ್ಮ ಚಿತ್ರ ನೋಡಿ ತಾಣದವರೆಲ್ಲ ಒಮ್ಮೆಗೇ ಎದ್ದು ಕುಣಿದಂತೆ ಬರೆಯತೊಡಗಿದರು.

"ಬಿಡಬ್ಯಾಡ್ರಿ ಬಾಯಾರ, ಸಾಹೇಬರಿಗೆ ಸರಿಯಾಗಿ ಬಿಗೀರಿ" ಎಂದೆ.

ಅವರು ಎರಡು ಬೆರಳಿನಿಂದ ಕುಟ್ಟಿದರು: "ನಿಮ್ಮ ಪಾಲಿನದನ್ನೂ ನಾವೇ ನೋಡಿದ್ದೇವೆ. ನಮ್ಮೂರಿಗೆ ಬನ್ನಿ, ಹೇಳುತ್ತೇವೆ."

ಆ ಚಳಿಗಾಲದಲ್ಲಿ ದುರ್ಬೀನ ಸಾಹೇಬರು ಬಂದೇ ಬಂದರು, ದೂರದರ್ಶಕವನ್ನು ಹೊತ್ತುಕೊಂಡು. ಬಾಕಿನ ಮೇಲಿನ ಹೆಂಗಸರಿಗೆಲ್ಲ ಸಂಜೆ ಚಂದ್ರನ ಕುಳಿಗಳನ್ನು ತೋರಿಸಿದರು. ಯಂತ್ರಕ್ಕೆ ಮನಸ್ಸು ಬರುತ್ತದೆಯೇ ಎಂಬ ಬಗ್ಗೆ ಡಾಕ್ಟರಬಾಯಿಯ ಕೈಯಲ್ಲಿ ಚೆನ್ನಾಗಿ ಏಟು ತಿಂದು, ಸೋತವರು ತಾವೇ ಆದರೂ ಕರದಂಟು ಕಟ್ಟಿಸಿಕೊಂಡು ಹೋದರು. ಯಮಕನಮರಡಿಯ ಸೊಸೆಗೆ ಹೆಣ್ಣು ಹುಟ್ಟಿತ್ತು. ಮೊಮ್ಮಗಳ ಮೈಮೇಲೆ ಒಂದು ಕಲೆಯೂ ಇಲ್ಲವೆಂದು ಅತ್ತೆಯೇ ಊರೆಲ್ಲ ಸಾರಿದಳು.

ಅದಾದ ಕೆಲವು ವರ್ಷಗಳಿಗೆ, ಹಿಂದಿನ ದಿನದವರೆಗೂ ಹೆರಿಗೆ ಮಾಡಿಸುತ್ತಿದ್ದ ಡಾಕ್ಟರಬಾಯಿ ನಿದ್ದೆಯಲ್ಲೇ ಹೋಗಿಬಿಟ್ಟರು. ಹುಕ್ಕೇರಿಯ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಕುಳಲ್ಲಿ ಮಕ್ಕಳನ್ನೆತ್ತಿಕೊಂಡ ಹೆಂಗಸರೇ ಹೆಚ್ಚು.

ಮರುದಿನ ತಾಣದಲ್ಲಿ ಸುದ್ದಿ ಬರೆಯಲು ಕುಳಿತೆ. ಮುಸುಕು ಹಾಕಿಕೊಂಡು ಆ ಮಾತು ಬರೆಯಲು ಕೈ ಬರಲಿಲ್ಲ. ಮೊದಲ ಸಲ ನನ್ನ ಖರೆ ಹೆಸರು ಬರೆದೆ, ನಾನು ಗೋಕಾಕದ ಫೋಟೊ ಸ್ಟುಡಿಯೊದವನು ಎಂದು ಬರೆದೆ. ಏಳನೇ ಚಂದ್ರ ಯಾರಾಗಿದ್ದರು, ಎಷ್ಟು ತಾಯಂದಿರ ಕೈ ಹಿಡಿದಿದ್ದರು ಎಂದು ಬರೆದೆ. ಉತ್ತರಗಳು ಬರತೊಡಗಿದವು. ಒಬ್ಬೊಬ್ಬರೂ ಮುಸುಕು ತೆಗೆದು ತಮ್ಮ ಊರು ಹೇಳಿದರು. ಒಬ್ಬ ಸಮುದ್ರ ದಂಡೆಯ ಬೇಕರಿಯವನು, ಒಬ್ಬಳು ಹಿಮದ ಸೀಮೆಯ ಶಾಲಾ ಶಿಕ್ಷಕಿ, ಒಬ್ಬ ರೈಲು ಓಡಿಸುವವನು.

ಕೊನೆಗೆ ಬಂದದ್ದು ನಾವ್ಯಾರೂ ಕೇಳಿರದ ಒಂದು ಹೊಸ ಹೆಸರು. "ನಾನು ಹುಕ್ಕೇರಿ ಸಮೀಪದ ಹತ್ತರಗಿಯವಳು, ಕಾಲೇಜಿನಲ್ಲಿ ಓದುತ್ತಿದ್ದೇನೆ. ನೀವಿಬ್ಬರೂ ಜಗಳಾಡುವುದನ್ನು ವರ್ಷಗಟ್ಟಲೆ ಓದಿದ್ದೇನೆ, ಒಂದಕ್ಷರ ಬರೆಯುವ ಧೈರ್ಯವಾಗಿರಲಿಲ್ಲ. ಇಂದು ಬರೆಯುತ್ತಿದ್ದೇನೆ. ಗಗನವಾಸಿಯವರೇ, ಬೆಳಕಿನ ವೇಗದ ಬಗ್ಗೆ ಹೋದ ತಿಂಗಳು ನೀವು ಹೇಳಿದ್ದು ಶುದ್ಧ ತಪ್ಪು." ಅದರ ಕೆಳಗೆ ಯಾಕೆ ತಪ್ಪು ಎಂದು ಪುಟದುದ್ದ ಲೆಕ್ಕ ಹಾಕಿದ್ದಳು.

ಕಣ್ಣೊರೆಸಿಕೊಂಡು ಕುರ್ಚಿ ಮುಂದಕ್ಕೆಳೆದುಕೊಂಡೆ. ಲೆಕ್ಕವನ್ನು ಮೇಲಿನಿಂದ ಕೆಳಗೆ ಓದಿದೆ, ಮತ್ತೆ ಓದಿದೆ. ಹುಡುಗಿ ಹೇಳಿದ್ದು ಖರೆ ಇತ್ತು.