ಮಾಂಯ್ ಕನ್ನಡ ಮಾತಾಡಿದ ಸಂಜೆ

ಇಂಥ ಬರಹ ಕಣ್ಣಿಗೆ ಬಿದ್ದರೆ ಮೊದಲ ಪ್ಯಾರಾದಲ್ಲೇ ಪುಟ ತಿರುಗಿಸುತ್ತಿದ್ದವಳು ನಾನು. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೇನೆ. ಮಕ್ಕಳು ಪ್ರಬಂಧದಲ್ಲಿ ದೆವ್ವ, ಕನಸು, ಸೂಚನೆ ಎಂದು ಬರೆದರೆ ಅಂಕ ಕೊಡುವಾಗ ಕೈ ಬಿಗಿ ಮಾಡುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂಥ ಮಾತು ತೆಗೆದರೆ, ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ನಗಾಡುತ್ತಿದ್ದೆ. ಈಗ ನಾನೇ ಬರೆಯಲು ಕೂತಿದ್ದೇನೆ. ನಂಬಿ ಎಂದು ಕೇಳುವುದಿಲ್ಲ. ನನಗೇ ಪೂರ್ತಿ ನಂಬಿಕೆ ಇಲ್ಲ.

ನಮ್ಮ ಮನೆ ಕಾಪುವಿನಲ್ಲಿ. ಮನೆಯಲ್ಲಿರುವುದು ಇಬ್ಬರೇ, ನಾನು ಮತ್ತು ನನ್ನ ಮಾಂಯ್, ಅಂದರೆ ತಾಯಿ. ನಾನು ಮದುವೆಯಾಗಲಿಲ್ಲ. ಅಣ್ಣ ಸಂಸಾರ ಸಮೇತ ಕುವೈತಿನಲ್ಲಿದ್ದಾನೆ. ನಮ್ಮದು ಕೊಂಕಣಿ ಮಾತಾಡುವ ಕ್ರೈಸ್ತ ಮನೆ. ಮಾಂಯ್ ಮೂರನೇ ಕ್ಲಾಸಿನ ತನಕ ಮಾತ್ರ ಓದಿದವರು. ಅವರಿಗೆ ಬರುವುದು ಕೊಂಕಣಿ, ಮತ್ತೆ ಮೀನಿನವರ ಹತ್ತಿರ ರೇಟಿಗೆ ಚರ್ಚೆ ಮಾಡುವಷ್ಟು ತುಳು. ನಮ್ಮ ಕೊಂಕಣಿ ಪ್ರಾರ್ಥನೆ ಪುಸ್ತಕ ಕನ್ನಡ ಲಿಪಿಯಲ್ಲಿರುವುದರಿಂದ ಕನ್ನಡ ಅಕ್ಷರಗಳನ್ನು ಓದುತ್ತಾರೆ. ಆದರೆ ಕನ್ನಡ ಬರುವುದಿಲ್ಲ. ಕನ್ನಡ ಟೀಚರಿನ ತಾಯಿಗೆ ಕನ್ನಡ ಬಾರದು ಎಂದು ಊರಿನವರಿಗೆ ನಗಾಡಲು ಇದೊಂದು ವಿಷಯ.

ಮೂರೂವರೆ ವರ್ಷದ ಹಿಂದೆ ನನ್ನ ಎಡಗಾಲಿನ ಚಪ್ಪಲಿ ಜಾರಲು ಶುರುವಾಯಿತು. ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಶಾಲೆಯ ಕಡೆ ನಡೆಯುವಾಗ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದೇನೆ, ಚಪ್ಪಲಿ ಹಿಂದೆ ಬಿದ್ದಿದೆ, ಕಾಲಿಗೆ ಗೊತ್ತೇ ಆಗಿಲ್ಲ. ಒಬ್ಬ ಹುಡುಗಿ ಹಿಂದಿನಿಂದ ಓಡಿ ಬಂದು, "ಟೀಚರ್, ನಿಮ್ಮ ಚಪ್ಪಲಿ ಅಲ್ಲಿ ಉಂಟು" ಎಂದಳು. ನಾನು ನಕ್ಕೆ. ಒಳಗೆ ನಗು ಬರಲಿಲ್ಲ. ನನ್ನ ಅಪ್ಪನಿಗೂ ಶುರುವಾದದ್ದು ಹೀಗೆ ಚಪ್ಪಲಿಯಿಂದಲೇ. ತಲೆಯೊಳಗೆ ಗಡ್ಡೆ ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಏಳು ತಿಂಗಳು ಮಾಂಯ್ ಅಪ್ಪನನ್ನು ಎತ್ತಿ ಕೂರಿಸಿ, ಮಲಗಿಸಿ, ಕೊನೆಗೆ ಮಣ್ಣು ಮಾಡಿ ಬಂದರು.

ಆಮೇಲೆ ಒಂದೊಂದೇ ಸೇರಿಕೊಂಡಿತು. ಎಡಗೆನ್ನೆಯಲ್ಲಿ ಇರುವೆ ಹರಿದ ಹಾಗೆ ಆಗುವುದು. ಬೋರ್ಡಿನಲ್ಲಿ ಬರೆಯುತ್ತಿರುವಾಗ ಸೀಮೆಸುಣ್ಣ ಕೈಯಿಂದ ಬೀಳುವುದು. ಗೊತ್ತಿದ್ದ ಶಬ್ದ ಬಾಯಿಯ ತುದಿಯ ತನಕ ಬಂದು ಹಿಂದೆ ಹೋಗುವುದು. ರಾತ್ರಿ ಮೊಬೈಲಿನಲ್ಲಿ ಹುಡುಕಿದರೆ ಪ್ರತಿಯೊಂದು ಲಕ್ಷಣಕ್ಕೂ ಮೂರು ಭಯಂಕರ ಕಾಯಿಲೆ ಸಿಗುತ್ತಿತ್ತು. ನನಗೆ ಸಾಯುವ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ನಾನು ಹಾಸಿಗೆ ಹಿಡಿದರೆ ಎಪ್ಪತ್ತನಾಲ್ಕು ವರ್ಷದ ಮಾಂಯ್ ಮತ್ತೊಮ್ಮೆ ಅದನ್ನೆಲ್ಲ ಮಾಡಬೇಕು. ಆ ಮೇಲೆ ಅವರನ್ನು ನೋಡುವವರು ಯಾರು.

ಹಾಗಾಗಿ ಹೇಳಲಿಲ್ಲ. ಉಡುಪಿಯಲ್ಲಿ ಶಿಕ್ಷಕರ ತರಬೇತಿ ಉಂಟು ಎಂದು ಸುಳ್ಳು ಹೇಳಿ ಮಣಿಪಾಲಕ್ಕೆ ಹೋಗುತ್ತಿದ್ದೆ. ಆ ವರ್ಷ ನನ್ನಷ್ಟು ತರಬೇತಿ ಪಡೆದ ಶಿಕ್ಷಕಿ ಇಡೀ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ನರರೋಗದ ಡಾಕ್ಟರು ನನಗಿಂತ ಚಿಕ್ಕವರು, ತಾಳ್ಮೆಯ ಮನುಷ್ಯ. ಮೊಣಕಾಲಿಗೆ ಸುತ್ತಿಗೆಯಲ್ಲಿ ಬಡಿದರು, ಪಾದಕ್ಕೆ ಪಿನ್ನು ಚುಚ್ಚಿ ನೋಡಿದರು, ತಲೆಗೆ ವೈರು ಅಂಟಿಸಿ ಕೂರಿಸಿದರು, ಕೊನೆಗೆ ಎಂಆರ್‌ಐ ಮಾಡಿಸಿದರು. ಆ ಕೊಳವೆಯೊಳಗೆ ಅಲುಗಾಡದೆ ಮಲಗಿದ್ದಾಗ ನನಗೆ ಅನಿಸಿದ್ದು, ಇದೇನೂ ಹೊಸತಲ್ಲ, ಆರು ತಿಂಗಳಿಂದ ನಾನು ಇರುವುದು ಇಂಥದ್ದೇ ಜಾಗದಲ್ಲಿ ಎಂದು.

ಒಂದು ಶನಿವಾರ ಮಧ್ಯಾಹ್ನ ರಿಪೋರ್ಟು ಸಿಕ್ಕಿತು. "ಎಲ್ಲ ನಾರ್ಮಲ್ ಉಂಟು ಮೇಡಂ. ಇನ್ನು ಆರಾಮ ಮಾಡಿ. ಮುಂದಿನ ತಿಂಗಳು ಒಮ್ಮೆ ಬನ್ನಿ" ಎಂದರು ಡಾಕ್ಟರು. ಹಾಗಾದರೆ ಕಾಲು ಯಾಕೆ ಹೀಗೆ ಎಂದು ಕೇಳಿದೆ. "ಸ್ಟ್ರೆಸ್ ಇರಬಹುದು. ಬೇರೆ ಇರಲೂಬಹುದು. ಈಗ ಕಾಣುವುದಿಲ್ಲ." ಕಾಣುವುದಿಲ್ಲ ಎನ್ನುವುದೂ ಇಲ್ಲ ಎನ್ನುವುದೂ ಒಂದೇ ಅಲ್ಲವೆಂದು ಕನ್ನಡ ಟೀಚರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಫೈಲನ್ನು ಉತ್ತರ ಪತ್ರಿಕೆಗಳ ಕಟ್ಟಿನ ನಡುವೆ ಸೇರಿಸಿ ಬಸ್ಸು ಹತ್ತಿದೆ. ಕಂಡಕ್ಟರ್ ತುಳುವಿನಲ್ಲಿ ಚಿಲ್ಲರೆ ಕೇಳಿದ, ತುಳುವಿನಲ್ಲೇ ಉತ್ತರ ಕೊಟ್ಟೆ. ಅದು ಚೆನ್ನಾಗಿ ನೆನಪಿದೆ.

ಮನೆಗೆ ಬಂದಾಗ ನಾಲ್ಕು ಗಂಟೆ. ಮಾಂಯ್ ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ನನ್ನನ್ನು ನೋಡಿ ಏನೋ ಹೇಳಿದರು.

ನನಗೆ ಅರ್ಥವಾಗಲಿಲ್ಲ. ಕೇಳಿಸಲಿಲ್ಲ ಎಂದಲ್ಲ. ಅವರ ದನಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೆ ಗೊತ್ತಿಲ್ಲದ ದೇಶದ ರೇಡಿಯೋ ಕೇಳಿದ ಹಾಗಿತ್ತು. ಅವರು ಇನ್ನೊಮ್ಮೆ ಹೇಳಿದರು. ಪ್ರಶ್ನೆ ಎಂದು ದನಿಯಿಂದ ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ತಲೆ ಆಡಿಸಿ ಒಳಗೆ ಹೋಗಿ ಬಚ್ಚಲುಮನೆಯ ಚಿಲಕ ಹಾಕಿಕೊಂಡೆ. ನಲ್ಲಿ ಬಿಟ್ಟು, ನೀರು ಎಂದೆ. ತುಳುವಿನಲ್ಲಿಯೂ ನೀರು ಎಂದೇ. ಇಂಗ್ಲಿಷಿನ ಶಬ್ದವೂ ಬಂತು. ಕೊಂಕಣಿಯಲ್ಲಿ ನೀರಿಗೆ ಏನೆನ್ನುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಉಪ್ಪಿಗೆ, ಮೀನಿಗೆ, ಅಕ್ಕನಿಗೆ, ಹಸಿವಿಗೆ, ಯಾವುದಕ್ಕೂ. ಹುಟ್ಟಿದಾಗಿನಿಂದ ಆಡಿದ ಭಾಷೆ ಒಂದು ಶಬ್ದವೂ ಉಳಿಯದೆ ಹೋಗಿತ್ತು. ಕಲಿತ ಭಾಷೆಗಳೆಲ್ಲ ಇದ್ದ ಹಾಗೆಯೇ ಇದ್ದವು.

ಕೂಡಲೇ ಆಸ್ಪತ್ರೆಗೆ ಓಡಬೇಕಿತ್ತು ಎಂದು ನಿಮಗೆ ಅನಿಸಬಹುದು. ಬೇರೆಯವರಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ನೀವೂ ಹಾಗೇ ಮಾಡಿ. ಆದರೆ ಓಡಬೇಕಾದರೆ ಮಾಂಯ್‌ಗೆ ಹೇಳಬೇಕು. ಯಾವ ಭಾಷೆಯಲ್ಲಿ ಹೇಳಲಿ. ಅಣ್ಣನ ಫೋನು ಬಂತು, ಎತ್ತಲಿಲ್ಲ, ಅವನೂ ಮಾತಾಡುವುದು ಕೊಂಕಣಿ. ಕೋಣೆಯಲ್ಲಿ ಉತ್ತರ ಪತ್ರಿಕೆ ಹರಡಿಕೊಂಡು ಕೂತೆ. ಮಾಂಯ್ ಬಂದು ಚಹಾ ಇಟ್ಟು ಮಾತಾಡಿದರು, ನಾನು ತಲೆ ಎತ್ತದೆ ಹೂಂ ಎಂದೆ. ಮತ್ತೆ ಬಂದರು, ಮತ್ತೆ ಹೂಂ ಎಂದೆ. ಒಂದು ಹೂಂಗೆ ಅವರು ನಿಂತು ನನ್ನನ್ನೇ ನೋಡಿದರು. ಅಲ್ಲಿ ಹೂಂ ಎನ್ನಬಾರದಿತ್ತು ಎಂದು ಕಾಣುತ್ತದೆ.

ನಮ್ಮಲ್ಲಿ ಸಂಜೆ ಏಳಕ್ಕೆ ತೆರ್ಸ್, ಅಂದರೆ ಜಪಮಾಲೆ. ಯಾರಿಗೆ ಜ್ವರ ಬಂದರೂ ಅದು ತಪ್ಪುವುದಿಲ್ಲ. ಒಂದು ಭಾಗ ಮಾಂಯ್ ಹೇಳಿಸಬೇಕು, ಒಂದು ಭಾಗ ನಾನು. ಮಗುವಾಗಿದ್ದಾಗಿನಿಂದ ಬಾಯಿಪಾಠ ಇದ್ದ ಪ್ರಾರ್ಥನೆಯ ಮೊದಲ ಶಬ್ದವೂ ನನಗೆ ಬರುತ್ತಿರಲಿಲ್ಲ. ಆಗ ಹೊಳೆದದ್ದು ಪುಸ್ತಕ. ಅಲ್ತಾರಿನ, ಅಂದರೆ ದೇವರ ಪೀಠದ ಕೆಳಗಿಂದ ತೆಗೆದು ಬಿಡಿಸಿದೆ. ಅಕ್ಷರಗಳೆಲ್ಲ ನಾನು ದಿನಾ ಬೋರ್ಡಿನಲ್ಲಿ ಬರೆಯುವ ಕನ್ನಡ ಅಕ್ಷರಗಳೇ. ಒಂದೂ ತಪ್ಪದೆ ಓದಬಲ್ಲೆ. ಅರ್ಥ ಮಾತ್ರ ಒಂದು ಸಾಲಿನದ್ದೂ ಇಲ್ಲ. ನನ್ನ ಸರದಿ ಬಂದಾಗ ಹಾಗೆಯೇ ಓದಿದೆ, ಕಾಗುಣಿತ ಕೂಡಿಸುವ ಮೂರನೇ ಕ್ಲಾಸಿನ ಮಕ್ಕಳ ಹಾಗೆ, ಬೆವರುತ್ತಾ. ಮಾಂಯ್ ಉತ್ತರ ಹೇಳುತ್ತಾ ಹೋದರು. ಅವರ ಕಣ್ಣು ಸಾಲು ಹಿಡಿದು ಹೋಗುವ ನನ್ನ ಬೆರಳಿನ ಮೇಲಿತ್ತು.

ತೆರ್ಸ್ ಮುಗಿದ ಮೇಲೆ ಕಿರಿಯರು ಹಿರಿಯರ ಎದುರು ಕೈ ಮುಗಿದು ಬೆಸಾಂವ್ ಕೇಳಬೇಕು, ಅಂದರೆ ಆಶೀರ್ವಾದ. ಕಿರಿಯರು ಹೇಳುವುದು ಎರಡು ಶಬ್ದ, ಹಿರಿಯರು ಹೇಳುವುದು ಮೂರು ಶಬ್ದ, ದೇವರು ಒಳ್ಳೆಯದು ಮಾಡಲಿ ಎಂದು. ಪುಸ್ತಕದಲ್ಲಿ ಅದು ಇರುವುದಿಲ್ಲ. ನಾನು ಕೈ ಮುಗಿದು ನಿಂತೆ. ಬಾಯಿ ತೆರೆದರೂ ಏನೂ ಬರಲಿಲ್ಲ. ಸಿಕ್ಕಿಬಿದ್ದೆ ಎಂದುಕೊಂಡೆ. ಅಳು ಬಂತು.

ಮಾಂಯ್ ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದರು: "ಹೆದರಬೇಡ ಮಗಳೇ. ನಿನ್ನ ಚಪ್ಪಲಿಯನ್ನು ನಾನು ಎಂದೋ ನೋಡಿದ್ದೇನೆ. ಮಣಿಪಾಲಕ್ಕೆ ಇನ್ನು ಮುಂದೆ ಒಬ್ಬಳೇ ಹೋಗಬೇಡ. ನನ್ನನ್ನೂ ಕರೆದುಕೊಂಡು ಹೋಗು."

ಕನ್ನಡದಲ್ಲಿ. ನಾನು ಪಾಠ ಮಾಡುವಂಥ, ಕ್ರಿಯಾಪದದ ಕೊನೆ ನುಂಗದ ಕನ್ನಡದಲ್ಲಿ. ದನಿ ಅವರದೇ, ತುಟಿ ಅವರದೇ. ನಾನು ಆಯಿತು ಎಂದೆ, ಕನ್ನಡದಲ್ಲಿಯೇ. ಅವರು ನನ್ನ ಹಣೆಗೆ ಶಿಲುಬೆ ಗುರುತು ಮಾಡಿ ಅಡುಗೆಮನೆಗೆ ಹೋದರು. ಬಾಗಿಲ ಹತ್ತಿರ ಪಕ್ಕದ ಮನೆಯ ಗಿರಿಜಕ್ಕ ನಮ್ಮ ಕುಕ್ಕರು ಹಿಂದೆ ಕೊಡಲು ಬಂದು, ಪ್ರಾರ್ಥನೆ ಮುಗಿಯಲಿ ಎಂದು ಜಗಲಿಯ ಚಿಟ್ಟೆಯಲ್ಲಿ ಕಾದು ಕೂತಿದ್ದರು. ಅವರು ಅಂಗನವಾಡಿ ಟೀಚರು. ಮನೆಯಲ್ಲಿ ತುಳು, ನನ್ನ ಹತ್ತಿರ ಮಾತ್ರ ಮರ್ಯಾದೆಗೆ ಕನ್ನಡ. ನಾನು ಕುಕ್ಕರು ತೆಗೆದುಕೊಳ್ಳುವಾಗ ಹೇಳಿದರು: "ನಿಮ್ಮ ಅಮ್ಮ ಇಷ್ಟು ಚಂದ ಕನ್ನಡ ಮಾತಾಡ್ತಾರೆ ಅಂತ ಗೊತ್ತೇ ಇರಲಿಲ್ಲ ಟೀಚರ್. ನಮ್ಮ ಹತ್ತಿರ ಎಂತಕ್ಕೆ ಬರುವುದಿಲ್ಲ ಅಂತ ಹೇಳುವುದು ಅವರು?"

ಊಟ ಮಾಡದೆ ಮಲಗಿದೆ. ಬೆಳಿಗ್ಗೆ ಎಚ್ಚರವಾದದ್ದು ಮಾಂಯ್ ಅಡುಗೆಮನೆಯಿಂದ ಕೂಗಿದಾಗ. ಚಹಾ ತಣಿಯುತ್ತದೆ, ಎದ್ದು ಬಾ ಎನ್ನುತ್ತಿದ್ದರು. ಕೊಂಕಣಿಯಲ್ಲಿ. ಎಲ್ಲವೂ ಅರ್ಥವಾಯಿತು. ಹಾಸಿಗೆಯಲ್ಲೇ ಕೂತು ನೀರು, ಉಪ್ಪು, ಮೀನು ಎಲ್ಲ ಹೇಳಿ ನೋಡಿದೆ. ಎಲ್ಲವೂ ಇದ್ದವು.

ಚಹಾ ಕುಡಿಯುತ್ತಾ ಕೇಳಿದೆ, ನಿನ್ನೆ ನನಗೆ ಯಾವ ಭಾಷೆಯಲ್ಲಿ ಹೇಳಿದೆ ಮಾಂಯ್ ಎಂದು. ಅವರು ಲೋಟ ಕೆಳಗಿಟ್ಟು ನನ್ನನ್ನು ನೋಡಿದರು. "ನಮ್ಮ ಭಾಷೆಯಲ್ಲಿ. ನನಗೆ ಬೇರೆ ಯಾವುದು ಬರುತ್ತದೆ?" ಗಿರಿಜಕ್ಕ ಹೀಗೆ ಹೇಳಿದರು ಎಂದೆ. "ಅವಳಿಗೆ ಕಿವಿ ಕೇಳುವುದಿಲ್ಲ" ಎಂದರು. ಗಿರಿಜಕ್ಕನ ಕಿವಿಗೆ ಏನೂ ಆಗಿಲ್ಲ. ಮೂರು ಮನೆಯಾಚೆ ಮಿಕ್ಸಿ ತಿರುಗಿದರೆ ಏನು ಅರೆಯುತ್ತಿದ್ದಾರೆ ಎಂದು ಹೇಳುವ ಹೆಂಗಸು ಅವರು.

ಅಲ್ಲಿಂದ ನಾನು ಹೊಸ ಕಡೆ ಸಿಕ್ಕಿಕೊಂಡೆ. ಮಾಂಯ್ ಕೊಂಕಣಿಯಲ್ಲೇ ಮಾತಾಡಿದ್ದರೆ ಅದನ್ನು ಕನ್ನಡ ಮಾಡಿ ಕೇಳಿಸಿದ್ದು ನನ್ನ ತಲೆ, ಅಂದರೆ ತಲೆಯಲ್ಲಿ ಏನೋ ಉಂಟು. ಅವರು ನಿಜವಾಗಿಯೂ ಕನ್ನಡ ಮಾತಾಡಿ ಮರೆತಿದ್ದರೆ ಏನೋ ಇರುವುದು ಅವರ ತಲೆಯಲ್ಲಿ. ಅಷ್ಟು ತಿಂಗಳು, ನನಗೆ ಏನೂ ಇಲ್ಲದಿರಲಿ ಎಂದು ಬೇಡಿಕೊಂಡವಳು ಆ ವಾರವಿಡೀ, ಇರುವುದಾದರೆ ನನ್ನ ತಲೆಯಲ್ಲೇ ಇರಲಿ ಎಂದು ಬೇಡಿಕೊಂಡೆ.

ಮುಂದಿನ ತಿಂಗಳು ಇಬ್ಬರೂ ಮಣಿಪಾಲಕ್ಕೆ ಹೋದೆವು. ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಹಲವು ಭಾಷೆ ಆಡುವವರಲ್ಲಿ ಒಂದು ಭಾಷೆ ಸ್ವಲ್ಪ ಹೊತ್ತು ಹೋಗಿ ಬರುವುದು ಉಂಟು, ಮೈಗ್ರೇನಿನ ಒಂದು ಬಗೆ ಇರಬಹುದು, ಚಿಕ್ಕ ಫಿಟ್ಸ್ ಇರಬಹುದು ಎಂದರು, ಇನ್ನೊಮ್ಮೆ ಆದರೆ ಆ ಗಳಿಗೆಯಲ್ಲೇ ಬನ್ನಿ ಎಂದು ಬೈದರು. ಗಿರಿಜಕ್ಕನ ವಿಷಯ ಬಂದಾಗ ಪೆನ್ನು ನಿಲ್ಲಿಸಿ ನಕ್ಕರು, ಬರೆದುಕೊಳ್ಳಲಿಲ್ಲ. ಮಾಂಯನ್ನೂ ಪರೀಕ್ಷೆ ಮಾಡಿದರು. ಡಾಕ್ಟರು ಕನ್ನಡದಲ್ಲಿ ಕೇಳುವುದು, ನಾನು ಕೊಂಕಣಿ ಮಾಡುವುದು, ಮಾಂಯ್ ಉತ್ತರ ಕೊಡುವುದು. ವಾರ, ತಿಂಗಳು, ನೂರರಿಂದ ಏಳೇಳು ಕಳೆಯುವುದು, ಎಲ್ಲವನ್ನೂ ಸರಿಯಾಗಿ ಹೇಳಿದರು. "ನಿಮಗಿಂತ ಚುರುಕು ಇದ್ದಾರೆ" ಎಂದರು ಡಾಕ್ಟರು. ಅದನ್ನು ನಾನು ಕೊಂಕಣಿ ಮಾಡಿ ಹೇಳಿದ ಮೇಲೆಯೇ ಮಾಂಯ್ ನಕ್ಕದ್ದು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

ಮೂರು ವರ್ಷ ಆಯಿತು. ಕೊಂಕಣಿ ಮತ್ತೆ ಹೋಗಿಲ್ಲ. ಚಪ್ಪಲಿ ಒಮ್ಮೊಮ್ಮೆ ಈಗಲೂ ಜಾರುತ್ತದೆ, ಆರು ತಿಂಗಳಿಗೊಮ್ಮೆ ಇಬ್ಬರೂ ಹೋಗಿ ತೋರಿಸಿ ಬರುತ್ತೇವೆ, ಈಗಲೂ ಏನೂ ಕಾಣುವುದಿಲ್ಲ. ಗಿರಿಜಕ್ಕ ತಾನು ಕೇಳಿದ್ದು ಕನ್ನಡವೇ ಎನ್ನುತ್ತಾರೆ. ಮಾಂಯ್ ಅಲ್ಲ ಎನ್ನುತ್ತಾರೆ. ಪ್ರತಿ ಸಂಜೆ ನಾನು ಕೈ ಮುಗಿದು ನಿಲ್ಲುವಾಗ, ಮಾಂಯ್ ಬಾಯಿ ತೆರೆಯುವ ತನಕ ಅವರ ತುಟಿಯನ್ನೇ ನೋಡುತ್ತಿರುತ್ತೇನೆ. ಆ ಮೂರು ಕೊಂಕಣಿ ಶಬ್ದ ಕೇಳಿದರೆ, ಸದ್ಯ ಇಬ್ಬರೂ ಸರಿ ಇದ್ದೇವೆ ಎಂದು ಸಮಾಧಾನ. ಆದರೆ ನಿಮ್ಮ ಹತ್ತಿರ ಸುಳ್ಳು ಯಾಕೆ ಹೇಳಲಿ, ಆ ಸಮಾಧಾನದ ಒಳಗೆ ಒಂದಿಷ್ಟು ನಿರಾಸೆಯೂ ಇರುತ್ತದೆ. ಅಷ್ಟು ತಿಂಗಳು ನಾನು ಒಬ್ಬಳೇ ಕೂತಿದ್ದ ಜಾಗದೊಳಗೆ ಒಬ್ಬರು ಬಂದು ಕೈ ಹಿಡಿದದ್ದು ಅದೊಂದೇ ಸಲ. ಬಂದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.