ಲೇಡೀಸ್ ಡಬ್ಬಿಯ ಫುಟ್‌ಬಾಲ್

ಮೊನ್ನೆ ಬೆಳಿಗ್ಗೆ ಠಾಣೆಯಿಂದ ಬೇಲಾಪುರಕ್ಕೆ ಹೋಗುವ ಗಾಡಿಯಲ್ಲಿ ನನ್ನ ಬೆನ್ನ ಹಿಂದೆ ಯಾರೋ ಟಿಫಿನ್ನಿನ ಮುಚ್ಚಳ ತೆಗೆದರು. ಶೇಂಗಾ ಹಿಂಡಿಯ, ಅಂದರೆ ಶೇಂಗಾ ಚಟ್ನಿಪುಡಿಯ ವಾಸನೆ. ಬೆಳ್ಳುಳ್ಳಿ, ಒಣಮೆಣಸಿನ ಘಾಟು ಮೂಗಿಗೆ ಬಡಿದದ್ದೇ ತಡ, ಗಿರಕ್ಕನೆ ತಿರುಗಿದೆ. ಮಹಾದೇವಿ ಎಂಬ ಹೆಸರು ನಾಲಗೆಯ ತುದಿಯವರೆಗೂ ಬಂದಿತ್ತು. ನೋಡಿದರೆ ಗುರುತಿಲ್ಲದ ಹೆಂಗಸೊಬ್ಬಳು ನಿಂತುಕೊಂಡೇ ರೊಟ್ಟಿ ಮುರಿಯುತ್ತಿದ್ದಳು. ನಾನು ಹಾಗೆ ನೋಡಿದ್ದು ಕಂಡು, ಪಾಪ, ಹಸಿದಿದ್ದಾಳೆ ಎಂದುಕೊಂಡಳೋ ಏನೋ, ಒಂದು ತುಂಡು ನನ್ನ ಕಡೆ ಹಿಡಿದಳು. ಬೇಡ ಬೇಡ ಎಂದು ತಲೆಯಾಡಿಸಿ ಕಿಟಕಿಯ ಕಡೆ ಮುಖ ತಿರುಗಿಸಿದೆ. ಲೋಕಲ್ ಗಾಡಿಯಲ್ಲಿ ಕಣ್ಣೊರೆಸಿಕೊಳ್ಳಲೂ ಕೈ ಎತ್ತುವಷ್ಟು ಜಾಗ ಇರುವುದಿಲ್ಲ ನೋಡಿ.

ಮಹಾದೇವಿ ಯಾರೆಂದು ಹೇಳುವ ಮೊದಲು ನನ್ನ ಹುಚ್ಚಿನ ವಿಷಯ ಹೇಳಿಬಿಡುತ್ತೇನೆ, ನಗಬೇಡಿ. ನನಗೆ ಫುಟ್‌ಬಾಲ್ ಹುಚ್ಚು. ಕುಂದಾಪುರದ ಕಡೆಯಿಂದ ಬಂದ ನನ್ನ ಅಪ್ಪ ಠಾಣೆ ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸುತ್ತಿದ್ದರು. ವಿಶ್ವಕಪ್ ಬಂತೆಂದರೆ ಗಲ್ಲಾಪೆಟ್ಟಿಗೆಯ ಮೇಲೆ ಟಿವಿ ಇಡಿಸುತ್ತಿದ್ದರು. ಅಕ್ಕಿ ಮೂಟೆಯ ಮೇಲೆ ಕೂತು ನಾನೂ ನೋಡುತ್ತಿದ್ದೆ. ಗೋಲು ಹೊಡೆಯುವವರು ನನಗೆ ಎಂದೂ ರುಚಿಸಲಿಲ್ಲ. ಅವರನ್ನು ತಡೆಯುವ ಹಿಂಬದಿಯವರೇ ಇಷ್ಟ. ಮದುವೆಯಾಗದೆ ಉಳಿದವಳಿಗೆ ತಡೆಯುವವರೇ ಇಷ್ಟವಾಗುತ್ತಾರೆ ಎಂದು ನನ್ನ ಅತ್ತಿಗೆ ಒಮ್ಮೆ ಹೇಳಿದ್ದಳು. ಅವಳ ಮಾತಿಗೆ ನಾನು ಉತ್ತರ ಕೊಡುವುದು ಬಿಟ್ಟು ಬಹಳ ಕಾಲವಾಯಿತು.

ನಾನು ಡೊಂಬಿವಲಿಯಲ್ಲಿ ಒಬ್ಬಳೇ ಇರುವವಳು. ಮೊದಲು ನನ್ನ ಆಫೀಸು ಕೊನೆಯ ಸ್ಟೇಷನ್ನಿನ ಹತ್ತಿರದ ಫೋರ್ಟಿನಲ್ಲಿತ್ತು. ದಿನಾ ಬೆಳಿಗ್ಗೆ ಕಲ್ಯಾಣದಿಂದ ಬರುವ ಫಾಸ್ಟ್ ಗಾಡಿಯ ಲೇಡೀಸ್ ಡಬ್ಬಿಗೆ ನುಗ್ಗುತ್ತಿದ್ದೆ. ಕೂರಲು ಜಾಗ ಸಿಗುವ ಪ್ರಶ್ನೆಯೇ ಇಲ್ಲ. ಕಲ್ಯಾಣದವರು ಆಗಲೇ ಕೂತಿರುತ್ತಾರೆ. ಆದರೆ ಈ ಗಾಡಿಗಳಲ್ಲಿ ದಿನಾ ಒಟ್ಟಿಗೆ ಹೋಗುವವರ ನಡುವೆ ಒಂದು ಕಟ್ಟಳೆಯಿದೆ. ಠಾಣೆ ಬಂದ ಕೂಡಲೇ ಕೂತವರು ಏಳಬೇಕು, ನಿಂತವರು ಪಾಳಿಯ ಪ್ರಕಾರ ಕೂರಬೇಕು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ನಮ್ಮ ಗುಂಪಿನಲ್ಲಿ ಅದನ್ನು ನಡೆಸುತ್ತಿದ್ದವಳು ಮಹಾದೇವಿ.

ವಿಜಯಪುರದ ಕಡೆಯವಳು, ಕಲ್ಯಾಣದಲ್ಲಿ ಮನೆ, ದಾದರಿನ ಒಂದು ಆಸ್ಪತ್ರೆಯಲ್ಲಿ ನರ್ಸು, ಟಿಫಿನ್ನಿನಲ್ಲಿ ದಿನಾ ರೊಟ್ಟಿ, ಶೇಂಗಾ ಹಿಂಡಿ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಆದರೆ ಗದರಿಸುವುದರಲ್ಲಿ ನನ್ನ ಅಜ್ಜಿಯ ವಾರಗೆಯವಳು. ಡೊಂಬಿವಲಿಯಿಂದ ನನ್ನ ಜೊತೆ ಹತ್ತುತ್ತಿದ್ದ ಸುಗಂಧಿ ಟೀಚರು ಒಂದು ಸಲ ಉಪಾಯ ಮಾಡಿ, ಉಲ್ಟಾ ಗಾಡಿಯಲ್ಲಿ ಕಲ್ಯಾಣಕ್ಕೆ ಹೋಗಿ, ಅಲ್ಲಿಂದಲೇ ಸೀಟು ಹಿಡಿದು ರಾಣಿಯ ಹಾಗೆ ಕೂತು ಬಂದರು. ಅಷ್ಟು ಕಷ್ಟಪಟ್ಟು ಹಿಡಿದ ಸೀಟು, ಕೊನೆಯ ತನಕ ನನ್ನದೇ ಎಂದು ಅವರ ವಾದ. ಮಹಾದೇವಿ ಕೇಳಲಿಲ್ಲ. ಠಾಣೆಯಲ್ಲಿ ಎಬ್ಬಿಸಿಯೇ ಬಿಟ್ಟಳು. ಟೀಚರು ಎರಡು ದಿನ ತುಳುವಿನಲ್ಲಿ ಗೊಣಗಿ ಸುಮ್ಮನಾದರು.

ಫುಟ್‌ಬಾಲಿನ ಮಾತು ಶುರುವಾದದ್ದು ಮಹಾದೇವಿಯಿಂದ. ನನ್ನ ಮೊಬೈಲಿನಲ್ಲಿ ಆಟ ಓಡುತ್ತಿತ್ತು, ಒಬ್ಬ ಇನ್ನೊಬ್ಬನನ್ನು ಅಡ್ಡಗಾಲು ಹಾಕಿ ಕೆಡವಿದ. ಕೂತಲ್ಲಿಂದಲೇ ಇಣುಕಿ ನೋಡಿ, ಇವ ಮೋಸಗಾರ ಎಂದಳು. ಅಲ್ಲಿಂದ ಹತ್ತಿಕೊಂಡ ಜಗಳ ವರ್ಷಗಟ್ಟಲೆ ಆರಲಿಲ್ಲ. ನಾವು ಕಣ್ಣಾರೆ ಕಂಡ ಆಟಗಾರರಲ್ಲಿ ಎಲ್ಲರಿಗಿಂತ ಗಟ್ಟಿಗ, ಆದರೂ ಕಪಟವಿಲ್ಲದವ ಯಾರು? ಸುಗಂಧಿ ಟೀಚರಿಗೆ ಅವರ ಗಂಡುಮಕ್ಕಳು ಗೋಡೆಗೆ ಅಂಟಿಸಿದ್ದ ಒಬ್ಬ ಜರ್ಮನಿಯವ. ನನಗೆ ಒಬ್ಬ ಇಟಲಿಯವ. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೂ ಜಗಳಕ್ಕೆ ನಿಲ್ಲುತ್ತೀರಿ. ಚೆಂಡಿಗೆ ಮಾತ್ರ ಕಾಲು ಹಾಕುತ್ತಿದ್ದ, ಆಳಿಗೆ ಹಾಕಿದ್ದನ್ನು ನಾನು ಕಂಡಿಲ್ಲ. ಕಂಡಿದ್ದರೂ ಮರೆತಿದ್ದೇನೆ.

ಮಹಾದೇವಿಯ ಆಯ್ಕೆ ಕೇಳಿದರೆ ನೀವು ನಕ್ಕುಬಿಡುತ್ತೀರಿ. ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ಯಾವುದೋ ಬಣ್ಣದ ಕಾರ್ಖಾನೆಯ ಟೀಮಿನಲ್ಲಿ ಅವಳ ಅಣ್ಣನ ಜೊತೆ ಆಡುತ್ತಿದ್ದ ಬಸು ಎಂಬವನು. ಡಿಕ್ಕಿ ಹೊಡೆದರೆ ಎದುರಿನವ ಗೆರೆಯಾಚೆ ಹೋಗಿ ಬೀಳುತ್ತಿದ್ದನಂತೆ. ಆದರೆ ತನ್ನ ತಪ್ಪಾದರೆ, ರೆಫರಿ ನೋಡದಿದ್ದರೂ ತಾನೇ ಕೈ ಎತ್ತುತ್ತಿದ್ದನಂತೆ. ಒಮ್ಮೆ ಹಾಗೆ ಕೈ ಎತ್ತಿ ತನ್ನ ಟೀಮನ್ನೇ ಸೋಲಿಸಿದನಂತೆ. ಆಮೇಲೆ ಅವನ ಕಡೆಯವರೇ ಅವನನ್ನು ತದಕಿದರಂತೆ. ವಿಶ್ವಕಪ್ಪಿನವರ ಪಂಕ್ತಿಯಲ್ಲಿ ಎಂಐಡಿಸಿಯ ಬಸುವನ್ನು ಕೂರಿಸುವುದು ಎಂತ ನ್ಯಾಯ ಮಾರಾಯ್ರೆ ಎಂದು ನಾನು ಗೇಲಿ ಮಾಡಿದೆ.

"ನಾ ಕಣ್ಣಿಲೆ ನೋಡೀನ್ರಿ ಅಕ್ಕಾರ. ನೀವು ಟಿವ್ಯಾಗ ನೋಡೀರಿ. ಕ್ಯಾಮೆರಾ ಆಕಡೆ ತಿರಗಿದಾಗ ನಿಮ್ಮ ಇಟಲಿಯಂವ ಏನ್ ಮಾಡ್ತಿದ್ದ, ನಿಮಗೇನ್ ಗೊತ್ತ?" ಎಂದಳು.

 ಅಷ್ಟಕ್ಕೇ ಸೋತು ಬಿಡುವವಳಲ್ಲ ನಾನು. ಮನೆಗೆ ಹೋಗಿ, ಅನ್ನಕ್ಕಿಟ್ಟು, ಹಳೆಯ ಆಟಗಳನ್ನು ಹುಡುಕಿ ಹುಡುಕಿ ನೋಡುತ್ತಿದ್ದೆ. ನಾಳೆ ಇದನ್ನು ಹೇಳಬೇಕು, ಅವಳು ಹೀಗಂದರೆ ಹಾಗನ್ನಬೇಕು ಎಂದು ಕುಕ್ಕರಿನ ಎದುರು ನಿಂತು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದೆ. ಪಕ್ಕದ ಮನೆಯವರು ನನ್ನ ಮನೆಗೆ ನೆಂಟರು ಬಂದಿದ್ದಾರೆ ಎಂದು ತಿಳಿದದ್ದೂ ಉಂಟು. ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ಇಡೀ ದಿನದಲ್ಲಿ ನಾನು ಮನಸ್ಸಿಟ್ಟು ಮಾತಾಡುತ್ತಿದ್ದದ್ದು ಡೊಂಬಿವಲಿಯಿಂದ ದಾದರಿನವರೆಗೆ ಮಾತ್ರ. ಉಳಿದದ್ದೆಲ್ಲ ಗುಡ್ ಮಾರ್ನಿಂಗು, ಫೈಲು, ಹಾಲಿನವ.

ಕಳೆದ ವರ್ಷ ಆಫೀಸು ಬೇಲಾಪುರಕ್ಕೆ ಹೋಯಿತು. ಹೊಸ ಕಟ್ಟಡ, ದೊಡ್ಡ ಕಿಟಕಿ, ಎಲ್ಲರಿಗೂ ಖುಷಿ. ನಾನು ಠಾಣೆಯಲ್ಲಿ ಇಳಿದು ಬೇರೆ ಗಾಡಿ ಹಿಡಿಯಬೇಕು, ಹೊತ್ತೂ ಬೇರೆ. ಕೊನೆಯ ದಿನ ಡಬ್ಬಿಯಲ್ಲಿ ನನಗೆ ಬಟಾಟೆ ವಡೆ ತಿನ್ನಿಸಿದರು, ಮಲ್ಲಿಗೆ ಮುಡಿಸಿದರು, ಫೋನು ಮಾಡುತ್ತಿರಬೇಕು ಎಂದು ಆಣೆ ಹಾಕಿಸಿಕೊಂಡರು. ಮೊದಮೊದಲು ಮಾಡಿದೆವು. ಆದರೆ ಫೋನಿನಲ್ಲಿ ಏನು ಜಗಳ? ಬರಬರುತ್ತ ಮೊಬೈಲಿನ ಗುಂಪಿನಲ್ಲಿ ಬೆಳಗಿನ ಹೂವಿನ ಚಿತ್ರಗಳಷ್ಟೇ ಉಳಿದವು. ಬೇಲಾಪುರದ ಗಾಡಿಯಲ್ಲಿ ಎಲ್ಲರ ಕಿವಿಯಲ್ಲೂ ವೈರು. ನಾನೂ ಒಂದು ಕೊಂಡು ಸಿಕ್ಕಿಸಿಕೊಂಡೆ. ಅದರಲ್ಲಿ ಏನೂ ಹಾಡುತ್ತಿರಲಿಲ್ಲ.

ಎರಡು ವಾರದ ಹಿಂದೆ ತಡೆಯಲಾಗಲಿಲ್ಲ. ನನಗೆ ರಜೆಯಿರುವ ಒಂದು ಶನಿವಾರ, ಹೇಳದೆ ಕೇಳದೆ, ಹಳೆಯ ಹೊತ್ತಿಗೆ ಹಳೆಯ ಗಾಡಿಯ ಅದೇ ಡಬ್ಬಿಗೆ ನುಗ್ಗಿದೆ. ಒಳ್ಳೆಯ ಸೀರೆ ಉಟ್ಟಿದ್ದೆ. ಇಟಲಿಯವನ ಬಗ್ಗೆ ಹೊಸದೊಂದು ವಾದವನ್ನೂ ಹೊಂದಿಸಿಕೊಂಡಿದ್ದೆ. ಸುಗಂಧಿ ಟೀಚರು ಅಪ್ಪಿಕೊಂಡರು. ಕಿಟಕಿಯ ಪಕ್ಕ ಕೂತಿದ್ದ ಮಹಾದೇವಿಯ ಮುಖವೆಲ್ಲ ಹಲ್ಲಾಯಿತು, ಆದರೆ ಏಳಲಿಲ್ಲ. ಸರಿ, ಠಾಣೆ ಬರಲಿ ಎಂದು ನಾನೂ ನಿಂತೆ. ನಮ್ಮ ಪಕ್ಕ ದೀಪಾ ಎಂಬ ಹೊಸ ಹುಡುಗಿಯೊಬ್ಬಳು ನಿಂತಿದ್ದಳು. ಇಲ್ಲಿಯೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ.

ಠಾಣೆ ಬಂತು. ಮಹಾದೇವಿ ಎದ್ದಳು. ನನ್ನ ಕಾಲು ತಾನಾಗಿಯೇ ಆ ಸೀಟಿನ ಕಡೆ ಸರಿಯಿತು. ದೀಪಾ ಕೂಡ, "ಆಂಟಿ, ಆಪ್ ಬೈಠೋ ನಾ" ಎಂದು ದಾರಿ ಬಿಟ್ಟಳು.

ಮಹಾದೇವಿ ಆ ಹುಡುಗಿಯ ರಟ್ಟೆ ಹಿಡಿದಳು. "ಪಾಳಿ ನಿಂದೈತಿ, ನೀ ಕೂಡು. ಇವ್ರು ಈಗ ನಮ್ಮ ಪಾಳ್ಯಾಗ ಇಲ್ಲ."

ಅಷ್ಟು ಜನರ ಎದುರು ಕೆನ್ನೆಗೆ ಹೊಡೆಸಿಕೊಂಡ ಹಾಗಾಯಿತು ನನಗೆ. ಅಳು ಬಂತು, ಸಿಟ್ಟೂ ಬಂತು. ಇಷ್ಟು ವರ್ಷದ ಸಲಿಗೆಗೆ ಒಂದು ದಿನದ ಸೀಟಿನ ಬೆಲೆಯೂ ಇಲ್ಲವೇ ಎಂದು ಮೇಲಿನ ಹಿಡಿಕೆ ಗಟ್ಟಿಯಾಗಿ ಹಿಡಿದು ನಿಂತೆ. ಮಹಾದೇವಿ ನನ್ನ ಪಕ್ಕಕ್ಕೇ ಬಂದು, ಅದೇ ಹಿಡಿಕೆಗೆ ಕೈ ಹಾಕಿ ನಿಂತಳು. ಮುಲುಂಡ್ ದಾಟಿತು. ಅವಳೇ ಕೇಳಿದಳು, ಇಟಲಿಯವನ ಸುದ್ದಿ ಏನು ಎಂದು. ಹೇಳದೆ ಇರಲು ನನ್ನಿಂದ ಆಗುತ್ತದೆಯೇ? ಕುರ್ಲಾ ಬರುವಾಗ ನಮ್ಮಿಬ್ಬರ ಗಲಾಟೆಗೆ ಯಾರೋ ಮರಾಠಿಯಲ್ಲಿ ಸುಮ್ಮನಿರಿ ಎಂದು ಬೈದರು. ಎಷ್ಟೋ ತಿಂಗಳ ಮೇಲೆ ನಾನು ಅಷ್ಟು ನಕ್ಕದ್ದು.

ದಾದರ್ ಹತ್ತಿರವಾದಾಗ ಅವಳು ಬಾಗಿಲಿಗೆ ಸರಿಯುತ್ತ, ಸೋಮವಾರ ಆ ಬೇಲಾಪುರದ ಗಾಡಿಯಲ್ಲಿ ಯಾರ ಜೋಡಿ ಜಗಳಾಡುತ್ತೀರಿ ಎಂದು ಕೇಳಿದಳು. ಯಾರೂ ಇಲ್ಲ, ಅಲ್ಲಿ ಯಾರೂ ಸಿಗುವುದಿಲ್ಲ ಎಂದೆ. 

"ನಾ ಏನ್ ಮೊದಲನೇ ದಿನಾನ ಸಿಕ್ಕಿದ್ನೇನ್ರಿ ನಿಮಗ?" ಎಂದಳು. "ಒಂದ್ ಮಳಿಗಾಲ ಪೂರಾ ನನ್ನ ಬಾಜೂಕ ನಿಂತೀರಿ, ತುಟಿ ಪಿಟಕ್ ಅಂದಿರ್ಲಿಲ್ಲ. ನಾನ ಬಾಯಿ ತಗದೆ. ನಮ್ಮ ಸಲುವಾಗಿ ಇಷ್ಟು ದೂರ ಬರಬ್ಯಾಡ್ರಿ ಅಕ್ಕಾರ. ಅಲ್ಲೇ ಯಾರನ್ನರ ಮಾತಾಡಸ್ರಿ."

ಅವಳೂ ಟೀಚರೂ ದೀಪಾಳೂ ಇಳಿದರು. ಗಾಡಿ ಬಿಟ್ಟಾಗ ಡಬ್ಬಿ ಮುಕ್ಕಾಲು ಖಾಲಿ. ಎಲ್ಲಿ ಬೇಕಾದರೂ ಕೂರಬಹುದಿತ್ತು. ನಾನು ಕೊನೆಯ ಸ್ಟೇಷನ್ನಿನವರೆಗೆ ನಿಂತೇ ಹೋದೆ. ಕ್ಯಾಮೆರಾ ಆಕಡೆ ತಿರುಗಿದಾಗಲೂ, ಈಕಡೆ ತಿರುಗಿದಾಗಲೂ ಒಂದೇ ಥರ ಇರುವವಳು ಈ ಮಹಾದೇವಿ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಅದು ನನಗೆ ಬೇಡವಾಗಿತ್ತು. ಒಂದೇ ಒಂದು ದಿನ ಅವಳು ನನಗೋಸ್ಕರ ಮೋಸ ಮಾಡಬೇಕಿತ್ತು ಎಂದು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ, ಆದರೆ ನೋವು ಹೋಗಿಲ್ಲ.

ಇವತ್ತು ಬೆಳಿಗ್ಗೆ ಬೇಲಾಪುರದ ಗಾಡಿಯಲ್ಲಿ ಕಿವಿಯ ವೈರನ್ನು ಚೀಲಕ್ಕೆ ಹಾಕಿದೆ. ಪಕ್ಕದಲ್ಲಿ ನಿಂತಿದ್ದ, ನನ್ನದೇ ವಯಸ್ಸಿನ ಹೆಂಗಸಿಗೆ ನಮಸ್ತೆ ಎಂದೆ. ಅವಳು ಹೆದರಿ ಪರ್ಸು ಮುಟ್ಟಿ ನೋಡಿಕೊಂಡಳು. ನೀವು ಫುಟ್‌ಬಾಲ್ ನೋಡುತ್ತೀರಾ ಎಂದು ಹಿಂದಿಯಲ್ಲಿ ಕೇಳಿಯೇಬಿಟ್ಟೆ. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಇಲ್ಲ ಎಂದಳು. ನಾಳೆ ಇನ್ನೊಬ್ಬರನ್ನು ಕೇಳುತ್ತೇನೆ.